ತಿರುವುಮುರುವಾದ ಅಂಗಿ

ಚನ್ನವೀರ ಗುರುಗಳ ಬಳಿ ಬಂದು ಕೇಳಿದ: "ಗುರುಗಳೇ, ಮೆದುಳು ಜ್ವರ ಬಂದ ಮೇಲೆ ನನ್ನ ಅಣ್ಣ ಎಲ್ಲವನ್ನೂ ಮರೆತಿದ್ದಾನೆ. ಹಲ್ಲುಜ್ಜಿಸುವವನು ನಾನು, ಮೀಯಿಸುವವನು ನಾನು, ಅಂಗಿ ತೊಡಿಸುವವನೂ ನಾನೇ. ಒಂದು ದಿನವೂ ಬೇಸರಪಟ್ಟವನಲ್ಲ. ಆದರೂ ಅವನು ನನ್ನ ಮೇಲೆ ಸಿಡುಕುತ್ತಾನೆ. ನನ್ನ ಸೇವೆಯಲ್ಲಿ ಏನು ಕೊರತೆ?"

"ಮುಖ ಊದಿಸಿಕೊಳ್ಳಬೇಡ, ಕೇಳು" ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನಿಗೂ ಇದೇ ಜ್ವರ ಬಂತು. ಜೀವವೇನೋ ಉಳಿಯಿತು. ಆದರೆ ತಂಬಿಗೆ ಕೈಗೆ ಕೊಟ್ಟರೆ ಅದರಿಂದ ಏನು ಮಾಡಬೇಕೆಂದೇ ತಿಳಿಯದು. ಹೆಂಡತಿ ಗಟ್ಟಿಗಿತ್ತಿ. ಎಲ್ಲವನ್ನೂ ತಾನೇ ಅಚ್ಚುಕಟ್ಟಾಗಿ ಮಾಡಿದಳು. ಗಂಡ ದಿನದಿನಕ್ಕೆ ಮಣ್ಣಿನ ಮುದ್ದೆಯಂತಾಗುತ್ತ ಹೋದ. ಮನೆಯಲ್ಲಿ ಗಂಡನಿದ್ದೂ ಇಲ್ಲದಂತಾಯಿತಲ್ಲ ಎಂದು ಅವಳು ಕೊರಗುತ್ತಿದ್ದಳು.

ಅವರ ಕೇರಿಯ ಕುಂಬಾರರಲ್ಲಿ ಒಂದು ಪದ್ಧತಿಯಿತ್ತು. ಹೊಸಬರು ತಿಗರಿಯ ಮುಂದೆ ಕುಳಿತು ಮಾಡಿದ ಮೊದಲ ಮಡಕೆ ಎಷ್ಟೇ ಸೊಟ್ಟಗಿರಲಿ, ಯಾರೂ ಕೈಹಾಕಿ ತಿದ್ದುವಂತಿಲ್ಲ. ತಿದ್ದಿದರೆ ಅದು ತಿದ್ದಿದವರ ಮಡಕೆ. ಸೊಟ್ಟ ಮಡಕೆಯನ್ನೇ ಮೆರೆಸಿ ಕೇರಿಗೆಲ್ಲ ಬೆಲ್ಲ ಹಂಚುವರು. ಒಂದು ದಿನ ಪಕ್ಕದ ಮನೆಯಿಂದ ಅಂಥ ಬೆಲ್ಲ ಬಂತು. ಅದನ್ನು ಬಾಯಿಗಿಟ್ಟ ಹೆಂಡತಿ ಹಾಗೇ ನಿಂತಳು. "ಅಯ್ಯೋ ನನ್ನ ಬುದ್ಧಿಯೇ!" ಎಂದು ಹಣೆ ಚಚ್ಚಿಕೊಂಡಳು.

ಮರುದಿನದಿಂದ ಅವಳು ಬಚ್ಚಲ ಬಾಗಿಲಲ್ಲಿ ಕೈ ಕಟ್ಟಿ ಕುಳಿತಳು. "ತಂಬಿಗೆ ಹಿಡಿ. ಅದ್ದು. ಎತ್ತು. ಸುರ್ಕೋ." ದಿನವೂ ಅದೇ ಹೊತ್ತಿಗೆ ಅದೇ ಮಾತು. ನೀರು ಗೋಡೆಗೆ ಬಿತ್ತು, ನೆಲಕ್ಕೆ ಬಿತ್ತು, ಅವಳ ಮೇಲೂ ಬಿತ್ತು. ನೆರವಿಗೆ ಮುಂದಾಗುವ ತನ್ನ ಕೈಗಳನ್ನು ತಡೆಯಲಾಗದಾದಾಗ ಸೆರಗಿನಲ್ಲಿ ಬಿಗಿದು ಕಟ್ಟಿಕೊಂಡಳು.

ಕಡೆಗೊಂದು ಬೆಳಿಗ್ಗೆ ಕುಂಬಾರ ತಾನೇ ಮಿಂದು, ತಾನೇ ಅಂಗಿ ತೊಟ್ಟು ಬಾಗಿಲಿಗೆ ಬಂದ. ಅಂಗಿಯ ಒಳಮಗ್ಗುಲು ಹೊರಗೆ! ಆಗ ನೋಡಬೇಕಿತ್ತು ಅವಳ ಸಡಗರ! ಬೆಲ್ಲದ ಅಚ್ಚು ಒಡೆದು ಮಡಿಲಿಗೆ ಹಾಕಿಕೊಂಡು ಬೀದಿಗೆ ಓಡಿದಳು.

ಒಬ್ಬ ವ್ಯಾಪಾರಿ ನಕ್ಕ. "ಏನವ್ವಾ, ಅಂಗಿ ತಿರುವುಮುರುವು ಹಾಕ್ಕೊಂಡಿದ್ದಕ್ಕೂ ಬೆಲ್ಲ ಹಂಚ್ತಾರಾ?"

"ಅಂಗಿ ನೆಟ್ಟಗಿದ್ದಾಗೆಲ್ಲ ತೊಡಿಸ್ತಿದ್ದೋಳು ನಾನು ಕಣಣ್ಣ. ಇವತ್ತು ತೊಟ್ಟೋನು ಅವನು! ತಗೋ, ಬಾಯಿ ತೆಗಿ!"

ಅವನ ಬಾಯಿಗೆ ಬೆಲ್ಲ ತುರುಕಿ ಮುಂದಿನ ಮನೆಗೆ ಓಡಿದಳು.

ಕತೆ ಕೇಳಿ ಚನ್ನವೀರನಿಗೂ ಸಂತೋಷ ತಡೆಯಲಾಗಲಿಲ್ಲ. "ಆಹಾ, ಎಂಥ ಹೆಂಗಸು!" ಎಂದ.

ಗುರುಗಳು ಕೇಳಿದರು: "ಇವತ್ತು ಬೆಳಿಗ್ಗೆ ನಿನ್ನ ಅಣ್ಣ ಅಂಗಿಗೆ ಕೈ ಚಾಚಿದಾಗ ನೀನೇನು ಮಾಡಿದೆ?"