ಸೋತ ಗಯಣ್ಣನ ಬೆಂಬಲಿಗರು

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜು ಲೈಬ್ರರಿಯ ಸರ್ವಮಂಗಳಮ್ಮ.

ಹದ್ದನ್ನು ಅಟ್ಟುವಾಗ ಮುಂದೆ ಹಾರುವವರು ಯಾರೆಂದು ಆರಿಸಲು ಮರದ ಕಾಗೆಗಳೆಲ್ಲ ಸೇರಿದ್ದವು. ಕಣದಲ್ಲಿದ್ದವರು ಗಯಣ್ಣ, ಚೋಟಿ ಇಬ್ಬರೇ. ಗೂಡಿನಲ್ಲಿ ಮೂರು ಮರಿಗಳಿದ್ದ ಕರಿಯವ್ವನಿಗೆ ಯಾರಾದರೂ ಸರಿ, ಬೇಗ ಆದರೆ ಸಾಕಿತ್ತು.

"ನಮ್ಮ ಗಯಣ್ಣ ಹೊಳೆದಂಡೆಯಲ್ಲಿ ಪಿಂಡ ಮುಟ್ಟುವವನು! ಪಿತೃಗಳೇ ಅವನ ಕಡೆ. ಆ ಚೋಟಿ ಬಿರಿಯಾನಿ ಹೋಟೆಲಿನ ಹಿಂದೆ ತಿನ್ನುವವಳು!" ಎಂದು ಸ್ನಾನಘಟ್ಟದ ಕಾಗೆಗಳು ಕೂಗಿದವು.

"ಹದ್ದು ಮಡಿ ನೋಡಿ ಮರಿ ಎತ್ತುತ್ತದೇನ್ರೋ?" ಎಂದಳು ಕರಿಯವ್ವ.

ಮತ ಎಣಿಸಿದಾಗ ಚೋಟಿಯೇ ಗೆದ್ದಿದ್ದಳು.

"ಬೆಳಗಿನಿಂದ ಗಂಟಲು ಹರಿದುಕೊಂಡವರು ನಾವು! ಪಟ್ಟ ನಮಗೇ ಬರಬೇಕಿತ್ತು. ಇನ್ನು ಹದ್ದು ಬಂದರೂ ನಾವು ರೆಕ್ಕೆ ಬಿಚ್ಚುವುದಿಲ್ಲ!" ಎಂದು ಸ್ನಾನಘಟ್ಟದ ಕಾಗೆಗಳು ಮುನಿದು ಕೂತವು.

ಅಷ್ಟರಲ್ಲಿ ಹದ್ದು ಬಂದೇ ಬಿಟ್ಟಿತು! ಚೋಟಿ ಚಿಮ್ಮಿದಳು. ಅವಳ ಹಿಂದೆ ಮೊದಲು ಹಾರಿದವನು ಗಯಣ್ಣನೇ. ಇಬ್ಬರೂ ಬಾಲ ಕುಕ್ಕಿ ಕುಕ್ಕಿ ಹದ್ದನ್ನು ಹೊಳೆಯಾಚೆ ಅಟ್ಟಿದರು. ಕರಿಯವ್ವ ಕೊಕ್ಕಿನಿಂದ ಮುಟ್ಟಿ ಮುಟ್ಟಿ ನೋಡಿದಳು, ಮರಿಗಳು ಮೂರೂ ಇದ್ದವು.

"ಅಣ್ಣಾ, ನಮಗೆ ಮೋಸ ಮಾಡಿಬಿಟ್ಟೆಯಲ್ಲ!" ಎಂದವು ಕೊಂಬೆ ಬಿಡದ ಕಾಗೆಗಳು.

ಗಯಣ್ಣ ಏದುಸಿರು ಬಿಡುತ್ತಲೇ ಕೇಳಿದ: "ಸೋತವನು ನಾನು, ನಾನೇ ಹಾರಿದೆ. ನೀವು ಯಾವ ಚುನಾವಣೆಗೆ ನಿಂತಿದ್ರಪ್ಪಾ?"

ಕೇಳಿದಿರಲ್ಲ, ತಮ್ಮವನಿಗೆ ಟಿಕೆಟ್ ಸಿಗಲಿಲ್ಲವೆಂದು ಮುನಿದು ಕೂತವರು ನಿಮ್ಮ ಬೀದಿಯಲ್ಲೂ ಇದ್ದಾರು. ಅವರಿಗೂ ಇದನ್ನೊಮ್ಮೆ ಹೇಳಿಬನ್ನಿ.