ಎಕಿಡ್ನಾದ ಮುಖ

ಹೊಳೆದಂಡೆಯ ಆ ಊರಲ್ಲಿ ಫೋಟೊ ಅಂಗಡಿ ತೆರೆಯುವವರಿಗೆ ಒಂದು ಪದ್ಧತಿ ಇತ್ತು. ಮೊದಲ ಪಟ ಗುರುವಿನದು. ಅದು ಬಾಗಿಲ ಮೇಲೆ ತೂಗಿದ ಮೇಲೆಯೇ ಗಿರಾಕಿ ಒಳಗೆ ಕಾಲಿಡುತ್ತಿದ್ದ.

ಸೌಭಾಗ್ಯ ಅಂಗಡಿ ಹಿಡಿದಿದ್ದಳು, ಬೋರ್ಡೂ ಬರೆಸಿದ್ದಳು. ತನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ದಾದಾಪೀರ್ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಬೋಣಿಗೆ ಬರಬೇಕು ಮೇಷ್ಟ್ರೇ."

ಮೇಷ್ಟ್ರು ಅವಳು ತೆಗೆದ ಪಟಗಳನ್ನು ತಿರುವಿ ಹಾಕಿದರು.

"ನಿನ್ನ ಪಟದಲ್ಲಿ ಎಲ್ಲರೂ ನಗ್ತಾರೆ. ಒಬ್ಬರೂ ಇರೋದಿಲ್ಲ."

"ಗಿಲಕಿ ಆಡಿಸಿ ನಗಿಸೋದು ನೀವೇ ಕಲಿಸಿದ್ದಲ್ವಾ?"

"ಅದು ಹಸುಗೂಸುಗಳಿಗೆ. ನೀನು ಮದುಮಗನ ಮುಂದೂ ಆಡಿಸ್ತೀಯ."

ಮೇಷ್ಟ್ರು ಪಟಗಳನ್ನು ಅವಳ ಕೈಗೆ ವಾಪಸು ಕೊಟ್ಟರು.

"ಹೊಳೆಯಾಚೆ ಮೃಗಾಲಯಕ್ಕೆ ಎಕಿಡ್ನಾ ಬಂದಿದೆಯಂತೆ. ಅದರ ಮುಖ ತಗೊಂಡು ಬಾ. ಆಮೇಲೆ ನನ್ನ ಮುಖ ಕೊಡ್ತೀನಿ."

ಇದೇನು ಮಹಾ ಎಂದುಕೊಂಡು ಹೊರಟಳು.

ಎಕಿಡ್ನಾ ಆಸ್ಟ್ರೇಲಿಯಾ ಕಡೆಯ ಪ್ರಾಣಿ. ಬೆಕ್ಕಿನಷ್ಟು ಗಾತ್ರ, ಮೈತುಂಬ ಮುಳ್ಳು, ಪೆನ್ಸಿಲಿನಂಥ ಮೂತಿ. ಮೊಟ್ಟೆಯನ್ನೂ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ. ಸೌಭಾಗ್ಯ ಹೋದಾಗ ತಗ್ಗು ಗೋಡೆಯಾಚೆ ಮಣ್ಣು ಮೂಸುತ್ತಿತ್ತು.

ಅವಳು ದಡದಡ ಓಡಿ ಗೋಡೆಗೆ ಒರಗಿದಳು. ಗಿಲಕಿ ಆಡಿಸಿದಳು. "ಇಲ್ನೋಡು, ಇಲ್ನೋಡು ಬಂಗಾರ."

ಎಕಿಡ್ನಾ ಓಡಲಿಲ್ಲ. ನಿಂತಲ್ಲೇ ಮಣ್ಣು ಅಗೆದು, ನಿಂತಲ್ಲೇ ಇಳಿದುಹೋಯಿತು. ಮೇಲೆ ಉಳಿದದ್ದು ಒಂದು ಹಿಡಿ ಮುಳ್ಳು.

ಅದರ ಪಟವನ್ನೇ ತೆಗೆದು ತಂದಳು.

"ಇದೇನು?" ಎಂದರು ಮೇಷ್ಟ್ರು.

"ಎಕಿಡ್ನಾ."

"ನಾನು ಬಾಚಣಿಗೆ ಅಂದ್ಕೊಂಡೆ."

ಮರುದಿನ ಉದ್ದನೆಯ ಲೆನ್ಸ್ ಒಯ್ದಳು. ಇನ್ನೊಂದು ದಿನ ಕಾವಲುಗಾರನಿಗೆ ಹೇಳಿ ಹುಳುವಿನ ಬಟ್ಟಲು ಇಡಿಸಿದಳು. ಮೂತಿ ಕಂಡಿತು ಅನ್ನುವಷ್ಟರಲ್ಲಿ ಆತುರಬಿದ್ದು ಮುಂದೆ ಹೋದಳು. ಮತ್ತೆ ಮುಳ್ಳೇ.

"ಬೇರೆ ಪ್ರಾಣಿ ಹೇಳಿ ಮೇಷ್ಟ್ರೇ. ಜಿಂಕೆಯಾದರೆ ಕತ್ತೆತ್ತಿ ನಿಲ್ಲುತ್ತೆ. ಬೋರ್ಡು ಹಾಕಿ ಬಾಗಿಲು ಮುಚ್ಚಿರೋದು ನೋಡಿ ಬೀದಿಯವರೆಲ್ಲ ನಗ್ತಿದ್ದಾರೆ."

"ನೋಡಿದೆಯಾ, ಅವರಿಗೆ ಗಿಲಕಿ ಬೇಕಾಗಲಿಲ್ಲ."

ಅವಳ ಕಣ್ಣಲ್ಲಿ ನೀರಾಡಿತು. ಮೇಷ್ಟ್ರು ಎದ್ದು ಟೋಪಿ ಹಾಕಿಕೊಂಡರು. "ನಡಿ, ನಾನೂ ಬರ್ತೀನಿ."

ಗೋಡೆ ಇನ್ನೂ ದೂರವಿರುವಾಗಲೇ ಅವರು ಹೆಜ್ಜೆ ಸದ್ದಾಗದಂತೆ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಸೌಭಾಗ್ಯ ನೋಡಿ ತಾನೂ ಬಿಚ್ಚಿದಳು. ಮೇಷ್ಟ್ರು ಅವಳ ಲೆನ್ಸಿಗೆ ಮುಚ್ಚಳ ಹಾಕಿ, ಗೋಡೆ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತರು.

"ಈಗೇನು ಮಾಡಲಿ?"

"ಅಂಗಡಿಯವನು ಏನು ಮಾಡ್ತಾನೆ?"

"ಗಿರಾಕೀನ ಕೂಗ್ತಾನೆ."

"ಕೂಗೋನು ಸಂತೆಯವನು. ಅಂಗಡಿಯವನು ಬಾಗಿಲು ತೆಗೆದಿರ್ತಾನೆ."

ಜನ ಬಂದರು, ಇಣುಕಿದರು. "ಬರೀ ಮುಳ್ಳು ಕಣೇ, ಬಾ ಹುಲಿ ನೋಡೋಣ" ಎಂದು ಹೋದರು. ಬೆಂಚಿನ ಮೇಲಿದ್ದ ನೆರಳು ಸರಿದು ಮೇಷ್ಟ್ರ ತಲೆಗೆ ಬಿಸಿಲು ಬಂತು. ಅವರು ಕದಲಲಿಲ್ಲ. ಸೌಭಾಗ್ಯಳ ಕೈ ಮುಚ್ಚಳದವರೆಗೆ ಹೋಗಿ ಹೋಗಿ ಹಿಂದೆ ಬಂತು.

ಮಾಡಲು ಬೇರೇನೂ ಇಲ್ಲದೆ ಮುಳ್ಳನ್ನೇ ನೋಡಿದಳು. ಬುಡದಲ್ಲಿ ಒಣಹುಲ್ಲಿನ ಬಣ್ಣ, ತುದಿಯಲ್ಲಿ ಕಪ್ಪು. ನಡುವೆ ಮೆತ್ತನೆ ಕೂದಲು. ಮುಳ್ಳುಗಳೆಲ್ಲ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಉಸಿರಾಡುತ್ತಿದೆ ಎಂದು ಅವಳಿಗೆ ಆಗ ತಿಳಿಯಿತು.

ಮಣ್ಣು ಬಿರಿಯಿತು. ಮೂತಿ ಹೊರಬಂದು ನೆಲವನ್ನು ಮುಟ್ಟಿ ಮುಟ್ಟಿ ನೋಡಿತು. ಒಂದು ಎಲೆ, ಒಂದು ಕಲ್ಲು, ಆಮೇಲೆ ಅವಳು ಕೂತ ದಿಕ್ಕಿನ ಗಾಳಿ. ಮೂಗಿನ ತುದಿಯಲ್ಲಿ ನೀರಗುಳ್ಳೆಯೊಂದು ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಅದರ ಹಿಂದೆ ಮೆಣಸಿನ ಕಾಳಿನಂಥ ಕಣ್ಣು.

ಸೌಭಾಗ್ಯ ಮೆಲ್ಲಗೆ ಮುಚ್ಚಳ ತೆಗೆದಳು. ಒಮ್ಮೆ ಒತ್ತಿದಳು. ಎಕಿಡ್ನಾ ಹೆದರಲಿಲ್ಲ.

"ಮೂಗಲ್ಲಿ ಗುಳ್ಳೆ ಬಿಡುತ್ತೆ ಮೇಷ್ಟ್ರೇ," ಎಂದು ಪಿಸುಗುಟ್ಟಿದಳು. "ಸೆಕೆಗೆ ತಂಪು ಮಾಡ್ಕೊಳ್ಳುತ್ತೆ."

"ಯಾರು ಹೇಳಿದ್ರು?"

"ಅದೇ."

ಮೇಷ್ಟ್ರು ಕ್ಯಾಮೆರಾ ಈಸಿಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಪಟ ನೋಡಿದರು.

"ಇದು ನಗ್ತಾ ಇಲ್ಲ."

"ಇಲ್ಲ."

"ಆದರೆ ಇದೆ."

ಅವರು ಕ್ಯಾಮೆರಾ ವಾಪಸು ಕೊಟ್ಟು ನಡೆದರು. ಸೌಭಾಗ್ಯ ಬರಿಗಾಲಲ್ಲೇ ಹಿಂದೆ ಹೋದಳು.

"ಹಾಗಾದ್ರೆ ಬೋಣಿ ಮೇಷ್ಟ್ರೇ?"

ಗೇಟಿನ ಹತ್ತಿರ ಮೇಷ್ಟ್ರು ಚಪ್ಪಲಿ ಕೆಳಗೆ ಹಾಕಿ, ಒಂದೊಂದೇ ಕಾಲು ತೂರಿಸಿದರು.

"ಸೋಮವಾರ ಬರ್ತೀನಿ. ಆವತ್ತು ಬೇರೆ ಕೆಲಸ ಇಟ್ಕೋಬೇಡ. ನನಗೂ ಮುಳ್ಳು ಕಮ್ಮಿ ಇಲ್ಲ."