ಮೇಣ ಮೆತ್ತಿದ ಗಳಿಗೆ ಬಟ್ಟಲು

"ಗುರುಗಳೇ, ಒಬ್ಬನಿಗೆ ಮಾತ್ರ ಹೆಚ್ಚು ನೀರು ಕೊಟ್ಟರೆ ಅದು ಪಕ್ಷಪಾತ. ಎಲ್ಲರಿಗೂ ಸಮನಾಗಿ ಹೆಚ್ಚಿಸಿದರೆ ಅದರಲ್ಲಿ ಅನ್ಯಾಯವೇನಿದೆ?" ಎಂದು ಓಂಕಾರಯ್ಯ ಕೇಳಿದ.

ಅವನು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ ಅದು. ಕೆರೆಯ ನೀರಿನ ಸರದಿಯನ್ನು ಹೊಸದಾಗಿ ಗೊತ್ತುಮಾಡುವ ಕೆಲಸವನ್ನು ಅವನ ಊರಿನವರು ಅವನಿಗೇ ಒಪ್ಪಿಸಿದ್ದರು. ಸರದಿಯೆಂದರೆ, ಕಾಲುವೆಯ ನೀರು ಯಾವ ಗದ್ದೆಗೆ ಯಾವಾಗ, ಎಷ್ಟು ಹೊತ್ತು ಹರಿಯಬೇಕೆಂಬ ಕಟ್ಟಳೆ. ತನ್ನ ಗದ್ದೆಗೆ ಇನ್ನಷ್ಟು ಹೊತ್ತು ಬೇಕೆಂದು ಅವನ ಸೋದರಮಾವ ಬೆನ್ನುಹತ್ತಿದ್ದ. ಇಲ್ಲವೆಂದರೆ ಮಾವನ ಮನೆಯ ಬಾಗಿಲು ಮುಚ್ಚುತ್ತದೆ. ಹೂಂ ಎಂದರೆ ಊರಿನ ಬಾಯಿ ತೆರೆಯುತ್ತದೆ. ಯೋಚಿಸಿ ಯೋಚಿಸಿ ಅವನು ಒಂದು ದಾರಿ ಕಂಡುಕೊಂಡಿದ್ದ. ಮಾವನ ಹೊತ್ತನ್ನಷ್ಟೇ ಅಲ್ಲ, ಎಲ್ಲರ ಹೊತ್ತನ್ನೂ ಹೆಚ್ಚಿಸಿಬಿಡುವುದು. ಮರುದಿನ ಊರಿನ ಮುಂದೆ ಹಾಗೆಂದು ಹೇಳುವವನಿದ್ದ. ಗುರುಗಳ ಒಪ್ಪಿಗೆಯೊಂದು ಸಿಕ್ಕಿದರೆ ಸಾಕಾಗಿತ್ತು.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ಕೂತುಕೋ," ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಕೆರೆಯಿತ್ತು. ಕೆರೆಯ ಕೆಳಗೆ ಒಂದು ಕಾಲುವೆ, ಕಾಲುವೆಯ ಉದ್ದಕ್ಕೂ ಗದ್ದೆಗಳು. ಕಾಲುವೆ ಸಣ್ಣದು, ಒಂದು ಸಲಕ್ಕೆ ಒಂದೇ ಗದ್ದೆಗೆ ನೀರು ಬಿಡಬಹುದಿತ್ತು. ಆದ್ದರಿಂದ ಹೊತ್ತನ್ನು ಅಳೆಯಬೇಕಾಗಿತ್ತು. ಅಳೆಯಲು ಊರಿನವರ ಬಳಿ ಒಂದು ಗಳಿಗೆ ಬಟ್ಟಲಿತ್ತು. ಅದು ತಾಮ್ರದ್ದು, ಅದರ ತಳದಲ್ಲಿ ಒಂದು ಸಣ್ಣ ತೂತು. ನೀರು ತುಂಬಿದ ಹಂಡೆಯಲ್ಲಿ ಅದನ್ನು ತೇಲಿಬಿಟ್ಟರೆ ತೂತಿನಿಂದ ನೀರು ಒಳಗೆ ಬರುತ್ತದೆ, ಬಟ್ಟಲು ತುಂಬುತ್ತದೆ, ತುಂಬಿ ಮುಳುಗುತ್ತದೆ. ಒಮ್ಮೆ ಮುಳುಗಿದರೆ ಒಂದು ಬಟ್ಟಲು ಹೊತ್ತು ಕಳೆಯಿತೆಂದು ಅರ್ಥ.

ಯಾವ ಗದ್ದೆಗೆ ಎಷ್ಟು ಬಟ್ಟಲು ಎಂಬುದನ್ನು ಹಿಂದಿನವರೇ ಗೊತ್ತುಮಾಡಿದ್ದರು. ಕೆರೆಯ ನೀರು ಕೊಯ್ಲಿನವರೆಗೂ ಸಾಲುವಂತೆ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಯಾವ ಗದ್ದೆಯೂ ಒಣಗದಂತೆ ಅವರು ಲೆಕ್ಕ ಹಾಕಿದ್ದರು. ಒಂದು ಗದ್ದೆಯ ಪಾಲಿನಷ್ಟು ಬಟ್ಟಲು ಮುಳುಗಿದೊಡನೆ ನೀರುಗಂಟಿ ಅದರ ಮಡೆಯನ್ನು, ಅಂದರೆ ಕಾಲುವೆಯಿಂದ ಗದ್ದೆಗೆ ನೀರು ಹೋಗುವ ಬಾಯಿಯನ್ನು, ಮುಚ್ಚಿ ಮುಂದಿನ ಗದ್ದೆಯ ಮಡೆ ತೆರೆಯುತ್ತಿದ್ದ. ನೀರುಗಂಟಿಯೆಂದರೆ ನೀರು ಹಂಚಲು ಊರು ನೇಮಿಸಿದವನು.

ಇನ್ನೊಂದು ವಾಡಿಕೆಯೂ ಇತ್ತು. ತಾಮ್ರಕ್ಕೆ ಕಿಲುಬು ಹಿಡಿದು ತೂತು ಕಟ್ಟಿಕೊಳ್ಳಬಾರದೆಂದು ಪ್ರತಿ ಸುತ್ತಿಗೂ ಮೊದಲು ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಕು. ಆ ಕೆಲಸ ಮೊದಲ ಗದ್ದೆಯವನದು. ಅವನು ಬಟ್ಟಲನ್ನು ಮನೆಗೆ ಒಯ್ದು, ತಿಕ್ಕಿ ತೊಳೆದು, ಮರುದಿನ ಕೆರೆಯ ಏರಿಗೆ ತರುತ್ತಿದ್ದ.

ಮೊದಲ ಗದ್ದೆ ಒಬ್ಬ ರೈತನದು. ಅವನು ಕೆಟ್ಟವನಲ್ಲ. ಆದರೆ ಆ ವರ್ಷ ತನ್ನ ಗದ್ದೆಯ ಪಕ್ಕದ ಬೀಳು ನೆಲವನ್ನೂ ಉತ್ತು ಭತ್ತ ನಾಟಿ ಮಾಡಿದ್ದ. ನೆಲ ಹೆಚ್ಚಾಯಿತು, ಪಾಲಿನ ಬಟ್ಟಲು ಹೆಚ್ಚಾಗಲಿಲ್ಲ. ಬಟ್ಟಲು ತಿಕ್ಕುತ್ತ ಕುಳಿತಾಗ ಅವನಿಗೆ ಒಂದು ಯೋಚನೆ ಹೊಳೆಯಿತು. ತೂತು ತುಸು ಕಿರಿದಾದರೆ ಬಟ್ಟಲು ತಡವಾಗಿ ಮುಳುಗುತ್ತದೆ. ಬಟ್ಟಲು ತಡವಾದಷ್ಟೂ ತನ್ನ ಮಡೆ ತೆರೆದಿರುತ್ತದೆ.

ಅವನ ಮನಸ್ಸು ಅಳುಕಿತು. ಅಳುಕಿದ ಮನಸ್ಸಿಗೆ ಅವನೇ ಸಮಾಧಾನ ಹೇಳಿದ. 'ನಾನು ಯಾರದನ್ನೂ ಕಿತ್ತುಕೊಳ್ಳುತ್ತಿಲ್ಲವಲ್ಲ. ನನ್ನ ಹೊತ್ತು ಬೆಳೆದಂತೆ ಎಲ್ಲರ ಹೊತ್ತೂ ಬೆಳೆಯುತ್ತದೆ. ಎಲ್ಲರಿಗೂ ಇರುವುದು ಇದೊಂದೇ ಬಟ್ಟಲು ತಾನೆ?' ಹೀಗೆಂದುಕೊಂಡು ಉಗುರಿನ ತುದಿಯಷ್ಟು ಜೇನುಮೇಣ ತೆಗೆದು ತೂತಿನ ಅಂಚಿಗೆ ಮೆತ್ತಿದ.

ಮೊದಲ ಸುತ್ತು ಶುರುವಾಯಿತು. ರೈತನ ಗದ್ದೆ ತುಂಬಿತು, ಬೀಳು ನೆಲವೂ ತುಂಬಿತು. ಎರಡನೆಯ ಗದ್ದೆ ಒಬ್ಬ ಗಾಣಿಗನದು. ಅವನು ತನ್ನ ಸರದಿ ಕಾಯುತ್ತ ಹಂಡೆಯ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ.

"ಏನು ಮಾವ, ಬಟ್ಟಲಿಗೆ ಹುಣಸೆಹುಳಿ ಕುಡಿಸಿದ್ದೀಯೋ, ಹೆಂಡ ಕುಡಿಸಿದ್ದೀಯೋ? ಮುಳುಗುವುದು ಬಿಟ್ಟು ತೂಕಡಿಸುತ್ತಿದೆ!"

"ನಿನ್ನ ಸರದಿಯಲ್ಲೂ ತೂಕಡಿಸುತ್ತದೆ, ಸುಮ್ಮನಿರು," ಎಂದ ರೈತ.

ಹಾಗೆಯೇ ಆಯಿತು. ಗಾಣಿಗ ನಗುತ್ತ ಮನೆಗೆ ಹೋದ. ಅವನ ನಂತರದವನೂ ನಗುತ್ತ ಹೋದ. ಹೆಚ್ಚು ಬಂದಾಗ ಯಾರು ತಾನೆ ದೂರು ಹೇಳುತ್ತಾರೆ? ಗದ್ದೆಗಳು ಹಿಡಿಯುವಷ್ಟು ಹಿಡಿದವು. ಮಿಕ್ಕ ನೀರು ಬದು ಹತ್ತಿ ಹಳ್ಳಕ್ಕೆ ಇಳಿಯಿತು. ಹಳ್ಳದ ಕಡೆ ಯಾರೂ ನೋಡಲಿಲ್ಲ.

ಕಡೆಯ ಗದ್ದೆ ಒಬ್ಬ ಬಳೆಗಾರ್ತಿಯದು. ಸುತ್ತು ಮುಗಿದ ಸಂಜೆ ಅವಳು ಬಳೆಯ ಬುಟ್ಟಿ ಹೊತ್ತುಕೊಂಡೇ ರೈತನ ಮನೆಗೆ ಬಂದಳು. ತಿಕ್ಕುವುದಕ್ಕೆಂದು ಬಟ್ಟಲು ಮತ್ತೆ ಅವನ ಮನೆಗೆ ಬಂದಿತ್ತು.

"ಅಣ್ಣಾ, ಈ ಬಟ್ಟಲನ್ನೊಂದು ಮಾತು ಕೇಳು. ನನ್ನ ಪಾಲಿನದು ಮುಳುಗಿದ್ದನ್ನು ಕಣ್ಣಾರೆ ಕಂಡೆ, ಒಂದೂ ಕಡಿಮೆಯಿಲ್ಲ. ಆದರೂ ನೀರು ನನ್ನ ತನಕ ಬರುವಷ್ಟರಲ್ಲಿ ನೆಲ ಬಾಯಿಬಿಟ್ಟಿತ್ತು. ಹಿಂದೆ ಯಾವತ್ತೂ ಹೀಗಾಗಿರಲಿಲ್ಲ."

"ಈ ಸಲ ಬಿಸಿಲು ಜೋರು, ತಂಗಿ."

"ಬಿಸಿಲು ನನ್ನ ಗದ್ದೆಗೆ ಮಾತ್ರ ಬೀಳುತ್ತದೆಯೇ? ಹಾಳಾಗಲಿ ಬಿಡು. ಇನ್ನೊಂದು ಸಲ ಹೀಗಾದರೆ ಪೈರು ತಡೆಯುವುದಿಲ್ಲ, ಅಷ್ಟೇ," ಎಂದು ಅವಳು ಹೋದಳು.

ಆಗ ರೈತನಿಗೆ ವಿಷಯ ತಿಳಿಯಿತು. ಬಟ್ಟಲು ಎಲ್ಲರ ಹೊತ್ತನ್ನೂ ಬೆಳೆಸಿತ್ತು, ನಿಜ. ಆದರೆ ಪ್ರತಿಯೊಬ್ಬನ ಹೊತ್ತು ಬೆಳೆದಷ್ಟೂ ಅವನ ಹಿಂದೆ ನಿಂತವನ ಕಾಯುವಿಕೆ ಬೆಳೆದಿತ್ತು. ಎಲ್ಲರ ಹಿಂದೆ ನಿಂತವಳು ಎಲ್ಲರ ಪಾಲಿನ ತಡವನ್ನೂ ಒಬ್ಬಳೇ ಕಾದಿದ್ದಳು. ಅವನು ಸೂಜಿ ಕಾಯಿಸಿ ಮೇಣವನ್ನೆಲ್ಲ ಕರಗಿಸಿ ತೆಗೆದ. ತೂತು ಮೊದಲು ಇದ್ದಂತೆಯೇ ಆಯಿತು. ಆಗ ಅವನ ಎದೆ ಹಗುರಾಯಿತು.

ಎರಡನೆಯ ಸುತ್ತು ಬಂತು. ರೈತನ ಹೊತ್ತು ಬೇಗ ಮುಗಿಯಿತು, ಬೀಳು ನೆಲಕ್ಕೆ ನೀರು ಸಾಲಲಿಲ್ಲ. ಅವನು ಸಹಿಸಿಕೊಂಡ. ಆದರೆ ಗಾಣಿಗ ಸಹಿಸಲಿಲ್ಲ.

"ಮಾವ, ಇದೆಂಥ ಮೋಸ? ಕಳೆದ ಸಲ ನನ್ನ ಪಾಲು ಮುಗಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಈಗ ನನ್ನ ಎತ್ತು ಬೆಳಗಿನ ಮೇವನ್ನೇ ಮುಗಿಸಿಲ್ಲ, ಬಟ್ಟಲುಗಳೆಲ್ಲ ಮುಳುಗಿಹೋದವು!"

ಅವನ ಕೂಗಿಗೆ ಊರು ಏರಿಯ ಮೇಲೆ ಸೇರಿತು. ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು. ಒಬ್ಬ, "ತೂತು ನೋಡಿ, ಎಷ್ಟು ಅಗಲವಾಗಿದೆ! ತಿಕ್ಕಿ ತಿಕ್ಕಿ ಸವೆಸಿಬಿಟ್ಟಿದ್ದಾನೆ," ಎಂದ. ಇನ್ನೊಬ್ಬ, "ಹೆಂಡತಿಯ ಮೂಗುತಿಯನ್ನೂ ಇವನು ಇಷ್ಟು ತಿಕ್ಕಿರಲಿಕ್ಕಿಲ್ಲ," ಎಂದ. ಎಲ್ಲರೂ ನಕ್ಕರು.

ಊರಿನ ಹಿರಿಯ ನಗಲಿಲ್ಲ. "ಹಕ್ಕಿನ ಹೊತ್ತು ಕಡಿಮೆಯಾಗಕೂಡದು. ತೂತಿಗೆ ಮೇಣ ಹಾಕಿ ಮೊದಲಿನಂತೆ ಮಾಡಿ. ಇನ್ನು ಮೇಲೆ ಈ ಬಟ್ಟಲನ್ನು ಯಾರೂ ಮನೆಗೆ ಒಯ್ಯಬಾರದು," ಎಂದ.

'ಮೊದಲಿನದು ಇದೇ' ಎಂಬ ಮಾತು ರೈತನ ನಾಲಿಗೆಯ ತನಕ ಬಂತು. ಹೇಳಿದರೆ, ಅದು ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಅವನು ಬಳೆಗಾರ್ತಿಯ ಕಡೆ ನೋಡಿದ. ಅವಳೊಬ್ಬಳಾದರೂ ಬೇಡವೆಂದರೆ ತಾನೂ ಬಾಯಿಬಿಡಬಹುದು ಎಂದುಕೊಂಡ. ಅವಳೂ, "ಹೌದು, ಮೇಣ ಹಾಕಿ," ಎಂದಳು. ತನ್ನ ಪಾಲೂ ಕಡಿಮೆಯಾದೀತೆಂದು ಅವಳಿಗೂ ಭಯ. ರೈತ ಮಾತನ್ನು ನುಂಗಿಕೊಂಡ.

ಊರಿನವರೇ ತೂತಿಗೆ ಮೇಣ ಮೆತ್ತಿದರು. ಬಟ್ಟಲು ಕಳೆದ ಸಲದಷ್ಟೇ ತಡವಾಗಿ ಮುಳುಗಿದಾಗ ಎಲ್ಲರಿಗೂ ನೆಮ್ಮದಿಯಾಯಿತು. ಎರಡನೆಯ ಸುತ್ತು ಹೇಗೋ ಮುಗಿಯಿತು. ಬಳೆಗಾರ್ತಿ ಕೊಡದಲ್ಲಿ ನೀರು ಹೊತ್ತು ಹಾಕಿ ಅರ್ಧ ಪೈರು ಉಳಿಸಿಕೊಂಡಳು.

ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಕಡೆಯ ಸುತ್ತು ಬಂತು. ಆಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳಾಗುತ್ತದೆ. ನೀರು ಒಂದೊಂದೇ ಗದ್ದೆ ದಾಟಿ ಕೆಳಗಿಳಿಯಿತು. ಕಡೆಯ ಗದ್ದೆಯ ಮಡೆ ತೆರೆಯುವ ಹೊತ್ತಿಗೆ ಕೆರೆಯ ತಳ ಕಾಣುತ್ತಿತ್ತು. ಕಾಲುವೆಯಲ್ಲಿ ಸ್ವಲ್ಪ ಕೆಸರು ಜಾರಿ ಬಂದು ನಿಂತಿತು.

ಕಟ್ಟಳೆ ಕಟ್ಟಳೆಯೇ. ನೀರುಗಂಟಿ ಹಂಡೆಯಲ್ಲಿ ಬಟ್ಟಲನ್ನು ತೇಲಿಬಿಟ್ಟ. ಅದು ನಿಧಾನವಾಗಿ ತುಂಬಿ ಮುಳುಗಿತು. ಎತ್ತಿ ಮತ್ತೆ ಬಿಟ್ಟ, ಮತ್ತೆ ಮುಳುಗಿತು. ಹಂಡೆಯಲ್ಲಿ ನೀರಿತ್ತು, ಕಾಲುವೆಯಲ್ಲಿ ಇರಲಿಲ್ಲ. ಅವಳ ಪಾಲಿನಷ್ಟೂ ಮುಳುಗಿದ ಮೇಲೆ ಅವನು ಮೇಲೆದ್ದು, "ನಿನ್ನ ಸರದಿ ಮುಗಿಯಿತಮ್ಮ," ಎಂದ.

ಬಳೆಗಾರ್ತಿ ಒಣಗಿದ ಮಡೆಯನ್ನು ತಾನೇ ಮುಚ್ಚಿ ಮನೆಗೆ ಹೋದಳು. ಈ ವರ್ಷ ಕೆರೆ ಕೈಕೊಟ್ಟಿತು ಎಂದು ಊರು ಮಾತಾಡಿಕೊಂಡಿತು. ರೈತ ಬೀಳು ನೆಲದ ಭತ್ತವನ್ನೂ ಕಣಕ್ಕೆ ತಂದ. ಅವಳು ಬುಟ್ಟಿ ಹೊತ್ತು ಬಳೆ ಬಳೆ ಎಂದು ಕೂಗುತ್ತ ಬೀದಿಯಲ್ಲಿ ಬಂದಾಗಲೆಲ್ಲ ಅವನು ಎದ್ದು ಒಳಗೆ ಹೋಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ನಾಳೆ ಊರಿನ ಮುಂದೆ ಆಡಬೇಕಾದ ಮಾತನ್ನು ಓಂಕಾರಯ್ಯನಿಗೆ ಇನ್ನೂ ಬಿಡಲು ಮನಸ್ಸಿರಲಿಲ್ಲ.

"ಆದರೆ ಗುರುಗಳೇ, ಅವಳಿಗೆ ಅಳತೆಯಲ್ಲಿ ಯಾರೂ ಮೋಸ ಮಾಡಲಿಲ್ಲವಲ್ಲ. ಎಲ್ಲರಿಗೂ ಅದೇ ಬಟ್ಟಲು, ಅದೇ ಮೇಣ. ಪಾಲು ಸಮವಾಗಿಯೇ ಇತ್ತು," ಎಂದ.

ಗುರುಗಳು ಹೇಳಿದ್ದು ಇಷ್ಟೇ:

"ನೀರು ಸಿಕ್ಕವರನ್ನು ಮಾತ್ರ ಎಣಿಸಿದರೆ, ಓಂಕಾರ, ಯಾವ ಪಾಲೂ ಸಮವೇ."